ಗ್ರಾಮೀಣ ಪ್ರದೇಶದಲ್ಲಿ ಫೋಟೋ ಸ್ಟುಡಿಯೋ ಆರಂಭಿಸುವವರಿಗೆ ಮಾಹಿತಿ: ಭೇರ್ಯ ಹಾಗೂ ಸುತ್ತಲಿನ ತಾಲ್ಲೂಕುಗಳು

ಸ್ವಂತ ದುಡಿಮೆಯಾಗಿ ಛಾಯಾಗ್ರಹಣ ವೃತ್ತಿಯನ್ನು ಕೈಗೊಳ್ಳಲು ಇಚ್ಛಿಸುವ ಕೃಷ್ಣರಾಜನಗರ, ಸಾಲಿಗ್ರಾಮ, ಹುಣಸೂರು, ಪಿರಿಯಾಪಟ್ಟಣ ಹಾಗೂ ಎಚ್.ಡಿ.ಕೋಟೆ ಭಾಗದ ಯುವಕ ಯುವತಿಯರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕೃಷ್ಣರಾಜನಗರದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿರುವ ಭೇರ್ಯವನ್ನು ಇಲ್ಲಿ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ಸುತ್ತಲಿನ ಹಳ್ಳಿಗಳ ಜನ ದಿನನಿತ್ಯದ ಕೆಲಸಕ್ಕೆ ಬಂದು ಹೋಗುವ ಇಂತಹ ಊರುಗಳಿಂದಲೇ ಸ್ಟುಡಿಯೋ ತೆರೆಯಲು ಸಾಲ ಕೋರುವವರು ಬರುತ್ತಾರೆ.

ಅರ್ಜಿದಾರರು ಮೊದಲು ಕೇಳುವುದು ಯಾವ ಯೋಜನೆಯಲ್ಲಿ ಎಷ್ಟು ಸಾಲ, ಎಷ್ಟು ಸಹಾಯಧನ ಎಂದು. ಅದಕ್ಕಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ತಮ್ಮ ಊರಿನಲ್ಲಿ ಫೋಟೋಗೆ ಹಣ ಕೊಡುವವರು ಯಾರು, ವರ್ಷದ ಯಾವ ತಿಂಗಳಲ್ಲಿ ಕೊಡುತ್ತಾರೆ? ಈ ಉತ್ತರವಿಲ್ಲದೆ ಕ್ಯಾಮೆರಾ ಕೊಂಡವರಿಗೆ ಕಂತು ಕಟ್ಟುವುದು ಕಷ್ಟವಾಗುತ್ತದೆ.

ವರಮಾನ ಎಲ್ಲಿಂದ ಬರುತ್ತದೆ

ಹಿಂದೆ ಸಣ್ಣ ಊರಿನ ಸ್ಟುಡಿಯೋವನ್ನು ನಡೆಸಿದ್ದು ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ. ಆ ಕೆಲಸದ ದೊಡ್ಡ ಪಾಲನ್ನು ಈಗ ಸರ್ಕಾರಿ ಕೌಂಟರ್‌ಗಳೇ ಮಾಡುತ್ತಿವೆ ಎಂಬುದನ್ನು ಸರ್ಕಾರಿ ಪುಟದಲ್ಲಿಯೇ ಹೇಳುವುದು ಸೂಕ್ತ. ಆಧಾರ್ ಕೇಂದ್ರದಲ್ಲಿ, ವಯಸ್ಕರಿಗೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ, ಚಾಲನಾ ಪರವಾನಗಿಗಾಗಿ ಸಾರಿಗೆ ಕಚೇರಿಯಲ್ಲಿ ಚಿತ್ರವನ್ನು ಸ್ಥಳದಲ್ಲಿಯೇ ತೆಗೆಯಲಾಗುತ್ತದೆ. ಆದ್ದರಿಂದ ದಿನಕ್ಕೆ ಇಷ್ಟು ಪಾಸ್‌ಪೋರ್ಟ್ ಫೋಟೋ ಎಂದು ಲೆಕ್ಕ ಹಾಕಿ ಯೋಜನಾ ವರದಿ ಸಿದ್ಧಪಡಿಸುವುದು ಈಗ ಸರಿಯಾಗದು.

ಈ ಕೆಲಸ ಪೂರ್ಣವಾಗಿ ನಿಂತಿಲ್ಲ. ಅದರ ರೂಪ ಬದಲಾಗಿದೆ. ಶಾಲಾ ದಾಖಲಾತಿ, ವಿದ್ಯಾರ್ಥಿನಿಲಯ, ಬ್ಯಾಂಕ್ ಖಾತೆಗಳಿಗೆ 35 ಮಿ.ಮೀ. × 45 ಮಿ.ಮೀ. ಅಳತೆಯ ಚಿತ್ರ ಇಂದಿಗೂ ಬೇಕು. 4 × 6 ಅಂಗುಲದ ಒಂದು ಹಾಳೆಯಲ್ಲಿ ಇಂತಹ 8 ಚಿತ್ರಗಳು ಹಿಡಿಯುತ್ತವೆ. ನೇಮಕಾತಿ ಮತ್ತು ಪ್ರವೇಶ ಪರೀಕ್ಷೆಗಳ ಆನ್‌ಲೈನ್ ಅರ್ಜಿಗೆ ಭಾವಚಿತ್ರ ಹಾಗೂ ಸಹಿಯನ್ನು ನಿಗದಿತ ಕಿಲೋಬೈಟ್ ಮಿತಿಗೆ ಇಳಿಸಿ ಕೊಡುವುದು ಹೊಸದಾಗಿ ಬಂದ ಕೆಲಸ. ಮಂಕಾದ, ಹಿನ್ನೆಲೆ ಸರಿಯಿಲ್ಲದ ಚಿತ್ರದಿಂದ ಅರ್ಜಿ ತಿರಸ್ಕೃತವಾದರೆ ಅಭ್ಯರ್ಥಿಗೆ ಒಂದು ವರ್ಷವೇ ನಷ್ಟವಾಗಬಹುದು. ಇದನ್ನು ಅಚ್ಚುಕಟ್ಟಾಗಿ ಮಾಡಿಕೊಡುವ ಅಂಗಡಿಯನ್ನು ಜನ ಹುಡುಕಿಕೊಂಡು ಬರುತ್ತಾರೆ. ಆದರೆ ಇದರ ವರಮಾನ ಬಾಡಿಗೆ ಮತ್ತು ವಿದ್ಯುತ್ ಬಿಲ್ಲಿಗೆ ಸಾಕಾದೀತು, ಸಾಲದ ಕಂತಿಗೆ ಸಾಲದು.

ಕಂತು ಕಟ್ಟುವ ಹಣ ಬರುವುದು ಮದುವೆ, ಗೃಹಪ್ರವೇಶ, ಸೀಮಂತ, ನಾಮಕರಣಗಳಿಂದ. ಈ ಹಣ ಬೆಳೆಯನ್ನು ಹಿಂಬಾಲಿಸುತ್ತದೆ. ಕೃಷ್ಣರಾಜನಗರ ಭಾಗದಲ್ಲಿ ನಾಲೆ ನೀರಿನ ಭತ್ತ ಡಿಸೆಂಬರ್, ಜನವರಿಯಲ್ಲಿ ಕಣ ಸೇರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆ ಹೊಗೆಸೊಪ್ಪಿನ ಹರಾಜು ಅಕ್ಟೋಬರ್ ಸುಮಾರಿಗೆ ಆರಂಭವಾಗಿ ಹೊಸ ವರ್ಷದ ಮೊದಲ ತಿಂಗಳುಗಳವರೆಗೆ ನಡೆಯುತ್ತದೆ. ಧನುರ್ಮಾಸ ಮುಗಿದ ಮೇಲೆ, ಜನವರಿ ಮಧ್ಯಭಾಗದಿಂದ ಮೇ ಅಂತ್ಯದವರೆಗಿನ ಅವಧಿಯೇ ಮುಖ್ಯ. ಚುಂಚನಕಟ್ಟೆಯ ಜಾತ್ರೆ ಹಾಗೂ ಶಿವರಾತ್ರಿಯ ಕಪ್ಪಡಿ ಜಾತ್ರೆಯೂ ಈ ಅವಧಿಯ ಆಸುಪಾಸಿನಲ್ಲಿಯೇ ಬರುತ್ತವೆ. ಆಷಾಢ, ಪಿತೃಪಕ್ಷ ಮತ್ತು ಧನುರ್ಮಾಸಗಳಲ್ಲಿ ಮದುವೆಗಳು ನಡೆಯುವುದಿಲ್ಲ. ಆದರೆ ಬ್ಯಾಂಕಿನ ಕಂತಿಗೆ ಆಷಾಢವಿಲ್ಲ. ಹನ್ನೆರಡು ತಿಂಗಳಿಗೂ ಒಂದೇ ಸಮನಾದ ವರಮಾನ ತೋರಿಸಿರುವ ಯೋಜನಾ ವರದಿಗಳು ಪರಿಶೀಲನೆಗೆ ಬಂದಾಗ ಅನುಮಾನ ಮೂಡುವುದು ಇಲ್ಲಿಯೇ.

ಒಂದು ಲೆಕ್ಕ

ಉದಾಹರಣೆಗಾಗಿ ಮಾತ್ರ: ಕ್ಯಾಮೆರಾ, ಲೆನ್ಸ್, ಫ್ಲಾಶ್, ಕಂಪ್ಯೂಟರ್, ಪ್ರಿಂಟರ್ ಎಲ್ಲವನ್ನೂ ಹೊಸದಾಗಿ ಕೊಳ್ಳಲು ರೂ. 3,00,000/- ಸಾಲವನ್ನು ಶೇ. 11ರ ಬಡ್ಡಿಯಲ್ಲಿ 5 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು ರೂ. 6,520/-, ವರ್ಷಕ್ಕೆ ಸುಮಾರು ರೂ. 78,000/-. ಮಳಿಗೆ ಬಾಡಿಗೆ ಮತ್ತು ವಿದ್ಯುತ್ ತಿಂಗಳಿಗೆ ರೂ. 4,000/- ಎಂದರೆ ವರ್ಷಕ್ಕೆ ರೂ. 48,000/-. ಒಟ್ಟು ರೂ. 1,26,000/-. ವರ್ಷದಲ್ಲಿ 15 ಸಮಾರಂಭಗಳು ದೊರೆತು, ಸಹಾಯಕನ ಕೂಲಿ, ಆಲ್ಬಂ ಮುದ್ರಣ, ಓಡಾಟ ಕಳೆದು ಪ್ರತಿಯೊಂದರಲ್ಲಿ ರೂ. 9,000/- ಉಳಿದರೆ ರೂ. 1,35,000/-. ವರ್ಷವಿಡೀ ದುಡಿದವರ ಮನೆಗೆ ಉಳಿಯುವುದು ರೂ. 9,000/- ಮಾತ್ರ.

ಅದೇ ವ್ಯಕ್ತಿ ಒಂದು ಕ್ಯಾಮೆರಾ, ಒಂದು ಲೆನ್ಸ್, ಒಂದು ಫ್ಲಾಶ್ ಹಾಗೂ ಕಂಪ್ಯೂಟರಿಗೆಂದು ರೂ. 1,00,000/- ಮಾತ್ರ ಸಾಲ ಪಡೆದು, ಅದೇ ಬಡ್ಡಿಯಲ್ಲಿ 3 ವರ್ಷಕ್ಕೆ ತೀರಿಸಿದರೆ ವರ್ಷದ ಕಂತು ಸುಮಾರು ರೂ. 39,300/-. ಉಳಿದ ಸಲಕರಣೆಯನ್ನು ಸಮಾರಂಭವೊಂದಕ್ಕೆ ರೂ. 1,000/- ಬಾಡಿಗೆಗೆ ತಂದರೆ ರೂ. 15,000/-. ಮೊದಲ ವರ್ಷ ಮಳಿಗೆ ಹಿಡಿಯದೆ ಸಮಾರಂಭದ ಕೆಲಸವನ್ನಷ್ಟೇ ಮಾಡಿದರೆ ಅದೇ 15 ಸಮಾರಂಭಗಳಿಂದ ಮನೆಗೆ ಉಳಿಯುವುದು ರೂ. 80,000/-ಕ್ಕೂ ಹೆಚ್ಚು. ಕ್ಯಾಮೆರಾದ ಬೆಲೆ ಕೊಂಡ ದಿನದಿಂದಲೇ ಇಳಿಯುತ್ತದೆ. ಬಾಕಿ ಸಾಲ ಅಷ್ಟೇ ವೇಗವಾಗಿ ಇಳಿಯುವುದಿಲ್ಲ. ಬಡ್ಡಿ ದರ ಮತ್ತು ಬಾಡಿಗೆಯನ್ನು ತಮ್ಮ ಊರಿನದಕ್ಕೆ ಬದಲಿಸಿಕೊಂಡು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡತಕ್ಕದ್ದು.

ತರಬೇತಿ

1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮೈಸೂರು ಶಾಖೆಯು ಹಿನಕಲ್‌ನಲ್ಲಿದೆ. ಊಟ, ವಸತಿ ಸಹಿತ ಉಚಿತ ತರಬೇತಿ ನೀಡುವ ಇಂತಹ ಸಂಸ್ಥೆಗಳ ಪಟ್ಟಿಯಲ್ಲಿ ಛಾಯಾಗ್ರಹಣ ಮತ್ತು ವಿಡಿಯೋಗ್ರಫಿಯ ಸುಮಾರು ಒಂದು ತಿಂಗಳ ತರಬೇತಿಯೂ ಸೇರಿದೆ. ಮುಂದಿನ ತಂಡದ ದಿನಾಂಕವನ್ನು ಸಂಸ್ಥೆಯಲ್ಲಿಯೇ ವಿಚಾರಿಸುವುದು. ತರಬೇತಿಯ ನಂತರ ಒಂದು ಹಂಗಾಮು ಅನುಭವಿ ಛಾಯಾಗ್ರಾಹಕರ ಬಳಿ ಸಹಾಯಕರಾಗಿ ದುಡಿಯುವುದು ಉತ್ತಮ. ಧಾರೆಯ ಮುಹೂರ್ತದಲ್ಲಿ ಎಲ್ಲಿ ನಿಲ್ಲಬೇಕು, ಪುರೋಹಿತರಿಗೂ ಹಿರಿಯರಿಗೂ ಅಡ್ಡವಾಗದಂತೆ ಹೇಗೆ ಕೆಲಸ ಮಾಡಬೇಕು ಎಂಬುದನ್ನು ಕಲಿಯಲು ಮಂಟಪವೇ ಶಾಲೆ.

ನೋಂದಣಿ ಮತ್ತು ಪರವಾನಗಿ

ಉದ್ಯಮ್ ನೋಂದಣಿಯು 2020ರ ಜುಲೈ 1ರಿಂದ ಜಾರಿಯಲ್ಲಿದ್ದು, ಆಧಾರ್ ಆಧಾರಿತವಾಗಿದೆ ಹಾಗೂ ಸಂಪೂರ್ಣ ಉಚಿತವಾಗಿದೆ. ಸರ್ಕಾರಿ ಜಾಲತಾಣದಂತೆಯೇ ತೋರುವ ಖಾಸಗಿ ತಾಣಗಳು ಇದಕ್ಕೆ ಶುಲ್ಕ ಪಡೆಯುತ್ತವೆ. ಅಲ್ಲಿ ಹಣ ಪಾವತಿಸಬಾರದು. ಸಾಲಿಗ್ರಾಮ ಹೊಸ ತಾಲ್ಲೂಕಾದ ನಂತರ ಕೆಲವರ ಒಂದು ದಾಖಲೆಯಲ್ಲಿ ಹಳೆಯ ತಾಲ್ಲೂಕು, ಇನ್ನೊಂದರಲ್ಲಿ ಹೊಸದು ಇರುತ್ತದೆ. ಆಧಾರ್, ಬ್ಯಾಂಕ್ ಖಾತೆ ಮತ್ತು ಉದ್ಯಮ್ ಪ್ರಮಾಣಪತ್ರಗಳ ವಿಳಾಸ ಒಂದೇ ಆಗಿದ್ದರೆ ಸಾಲದ ಅರ್ಜಿ ಹಿಂದಿರುಗುವ ಒಂದು ಕಾರಣ ಕಡಿಮೆಯಾಗುತ್ತದೆ.

ಮಳಿಗೆ ತೆರೆಯುವವರು ಗ್ರಾಮ ಪಂಚಾಯಿತಿಯಿಂದ ವ್ಯಾಪಾರ ಪರವಾನಗಿಯನ್ನು, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ ವಾಣಿಜ್ಯ ಸಂಪರ್ಕವನ್ನು ಪಡೆಯತಕ್ಕದ್ದು. ಗೃಹಜ್ಯೋತಿ ಸೌಲಭ್ಯವು ಗೃಹ ಬಳಕೆಗೆ ಮಾತ್ರ ಇರುವುದರಿಂದ ಮನೆಯ ಮೀಟರಿನಿಂದ ಪಕ್ಕದ ಸ್ಟುಡಿಯೋಗೆ ತಂತಿ ಎಳೆಯಬಾರದು.

ಸೇವೆಗಳ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದಲ್ಲಿ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ಹೊಸಬರು ಆ ಮಟ್ಟ ತಲುಪುವುದು ಅಪರೂಪ. ಆದರೂ 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಜಮೆಗಳ ಆಧಾರದ ಮೇಲೆ ನೋಟಿಸುಗಳು ಬಂದದ್ದನ್ನು ನೆನೆದು, ವ್ಯವಹಾರಕ್ಕೆ ಪ್ರತ್ಯೇಕ ಖಾತೆ ಹಾಗೂ ಒಂದು ಲೆಕ್ಕದ ಪುಸ್ತಕ ಇಡುವುದು ಲೇಸು.

ಡ್ರೋನ್ ಬಳಸುವವರಿಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 250 ಗ್ರಾಂ ಮೀರಿದ ಡ್ರೋನನ್ನು ಸಂಪಾದನೆಗಾಗಿ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ನಾಗರಹೊಳೆ ಅರಣ್ಯದೊಳಗೆ ಅನುಮತಿಯಿಲ್ಲದೆ ವಾಣಿಜ್ಯ ಚಿತ್ರೀಕರಣ ಮಾಡುವಂತಿಲ್ಲ. ವಿವಾಹಪೂರ್ವ ಚಿತ್ರೀಕರಣಕ್ಕೆ ಕಾಡನ್ನು ಆಯ್ದುಕೊಳ್ಳುವ ಗಿರಾಕಿಗಳಿಗೆ ಇದನ್ನು ಮುಂಚೆಯೇ ತಿಳಿಸಿರಬೇಕು.

ಸಾಲ ಮತ್ತು ಸಹಾಯಧನ

ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ರೂ. 50,000/-ವರೆಗೆ, ಕಿಶೋರ ವರ್ಗದಲ್ಲಿ ರೂ. 5 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಹೊಸಬರಿಗೆ ಇದೇ ಹೆಚ್ಚು ಹೊಂದುತ್ತದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವು 2025-26ನೇ ಸಾಲಿನ ಅಂತ್ಯದವರೆಗೆ ಮಂಜೂರಾಗಿದ್ದ ಯೋಜನೆ. ಅದರಲ್ಲಿ ಸೇವಾ ಘಟಕಕ್ಕೆ ರೂ. 20 ಲಕ್ಷದ ಮಿತಿ ಇದ್ದು, ಗ್ರಾಮೀಣ ಸಾಮಾನ್ಯ ವರ್ಗದವರಿಗೆ ಶೇ. 25, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡ, ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತರು ಮುಂತಾದ ವಿಶೇಷ ವರ್ಗದವರಿಗೆ ಶೇ. 35 ಸಹಾಯಧನ ನಿಗದಿಯಾಗಿತ್ತು. ಮುಂದಿನ ಸಾಲಿನ ಅರ್ಜಿಯ ಬಗ್ಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳುವುದು. ಈ ಸಹಾಯಧನ ಕೈಗೆ ಬರುವ ನಗದಲ್ಲ. ಮೂರು ವರ್ಷ ಬ್ಯಾಂಕಿನಲ್ಲಿಯೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆಯೆಂದು ಕಂಡುಬಂದ ಮೇಲೆ ಸಾಲಕ್ಕೆ ಜಮೆಯಾಗುವ ಹಣ. ಇದನ್ನು ತಿಳಿಯದೆ ಸಹಾಯಧನವನ್ನು ನಂಬಿ ಕೈಸಾಲ ಮಾಡಿಕೊಳ್ಳಬಾರದು.

ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಛಾಯಾಗ್ರಹಣ ಸೇರಿಲ್ಲ. ಹಿಂದುಳಿದ ವರ್ಗದವರು ಡಿ. ದೇವರಾಜ ಅರಸು ನಿಗಮದಲ್ಲಿ, ಪರಿಶಿಷ್ಟ ಜಾತಿಯವರು ಡಾ. ಬಿ.ಆರ್. ಅಂಬೇಡ್ಕರ್ ನಿಗಮದಲ್ಲಿ ಸ್ವಯಂ ಉದ್ಯೋಗ ಸಾಲದ ಬಗ್ಗೆ ವಿಚಾರಿಸಬಹುದು.

ಗಿರಾಕಿಯೊಂದಿಗೆ ಬರವಣಿಗೆಯ ಒಪ್ಪಂದ

ಹಳ್ಳಿಯಲ್ಲಿ ಬಾಯಿಮಾತಿನ ಮೇಲೆ ಮದುವೆ ಒಪ್ಪಿಕೊಳ್ಳುವುದು ರೂಢಿ. ನೆಂಟರ ಮನೆಯ ಮದುವೆಯಾದರೆ ಮುಂಗಡ ಕೇಳುವುದಕ್ಕೂ ಸಂಕೋಚ. ಆದರೂ ದಿನಾಂಕ, ಒಟ್ಟು ಮೊತ್ತ, ಮುಂಗಡ, ಆಲ್ಬಮಿನ ಹಾಳೆಗಳ ಸಂಖ್ಯೆ, ಕೊಡುವ ದಿನ ಇಷ್ಟನ್ನು ಒಂದು ರಸೀದಿ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಮಾಡತಕ್ಕದ್ದು. ಆಲ್ಬಂ ಮುದ್ರಣಕ್ಕೆ ಕಳುಹಿಸುವ ಮೊದಲು ಎರಡನೆಯ ಕಂತು ಪಡೆಯುವುದು ಒಳ್ಳೆಯದು. ಮದುವೆ ಮುಗಿದ ಮನೆಯಲ್ಲಿ ಕೈ ಬರಿದಾಗಿರುತ್ತದೆ. ಬಾಕಿ ಉಳಿಯುವುದು ಫೋಟೋದವರದು.

ಹಣ ಪಡೆದು, ಬೇರೆಯವರ ಕೋರಿಕೆಯ ಮೇರೆಗೆ ತೆಗೆದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 1957ರ ಕೃತಿಸ್ವಾಮ್ಯ ಅಧಿನಿಯಮದ 17ನೇ ಪ್ರಕರಣದಂತೆ ತೆಗೆಸಿದವರದು. ವಧುವಿನ ಚಿತ್ರವನ್ನು ಅಂಗಡಿಯ ಫಲಕಕ್ಕೋ ಫೇಸ್‌ಬುಕ್ಕಿಗೋ ಹಾಕಲು ಲಿಖಿತ ಒಪ್ಪಿಗೆ ಇರಬೇಕು.

ಚಿತ್ರಗಳು ಕಳೆದುಹೋದರೆ ಮದುವೆಯನ್ನು ಮತ್ತೆ ಮಾಡಿಸಲಾಗದು. ಗಿರಾಕಿಯು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು, ಪರಿಹಾರವನ್ನೂ ಕೋರಬಹುದು. ಆದ್ದರಿಂದ ಎರಡು ಕಾರ್ಡಿನಲ್ಲಿ ಏಕಕಾಲಕ್ಕೆ ದಾಖಲಾಗುವ ಕ್ಯಾಮೆರಾ ಇದ್ದರೆ ಉತ್ತಮ. ಇಲ್ಲವಾದಲ್ಲಿ ಅದೇ ರಾತ್ರಿ ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ಪ್ರತಿ ಮಾಡಿ, ಒಂದನ್ನು ಬೇರೆ ಕಡೆ ಇಡುವುದು. ಆಲ್ಬಂ ಗಿರಾಕಿಯ ಕೈ ಸೇರಿ ಸಹಿ ಪಡೆಯುವವರೆಗೆ ಈ ಪ್ರತಿಗಳನ್ನು ಅಳಿಸಬಾರದು.

ಹೆಚ್ಚಿನ ಮಾಹಿತಿಗೆ ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿರುವ ಕೈಗಾರಿಕಾ ವಿಸ್ತರಣಾಧಿಕಾರಿಗಳನ್ನು ಅಥವಾ ಜಂಟಿ ನಿರ್ದೇಶಕರು, ಜಿಲ್ಲಾ ಕೈಗಾರಿಕಾ ಕೇಂದ್ರ, ಮೈಸೂರು ಇವರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಬರುವಾಗ ಆಧಾರ್, ಬ್ಯಾಂಕ್ ಪುಸ್ತಕ, ತರಬೇತಿ ಪ್ರಮಾಣಪತ್ರ ಹಾಗೂ ಮೇಲಿನ ಮಾದರಿಯಲ್ಲಿ ತಾವೇ ಮಾಡಿದ ಹನ್ನೆರಡು ತಿಂಗಳ ಲೆಕ್ಕದ ಹಾಳೆಯನ್ನು ತರತಕ್ಕದ್ದು.