ಕಡೆದ ಬೊಂಬೆ, ಹೆಣೆದ ಬೊಂಬೆ: ಚನ್ನಪಟ್ಟಣ ಸೀಮೆಯಿಂದ ಕಂಡ ಆಟಿಕೆಯ ಎರಡು ಚರಿತ್ರೆಗಳು

ಪೀಠಿಕೆ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು ರಾಗಿ, ತೆಂಗು, ಹಿಪ್ಪುನೇರಳೆಯ ಸೀಮೆಯ ಊರು. ಇಲ್ಲಿಯ ಜನರಿಗೆ ಬೊಂಬೆ ಎಂದೊಡನೆ ನೆನಪಾಗುವುದು ಪೇಟೆಯ ಮರದ ಬೊಂಬೆ. ಬಣ್ಣದ ಅರಗು ಹೊದ್ದ ಆನೆ, ಕುದುರೆ, ಬುಗುರಿ, ಗಿಲಕಿಗಳು ಬೆಂಗಳೂರು–ಮೈಸೂರು ಹೆದ್ದಾರಿಯ ಅಂಗಡಿ ಸಾಲುಗಳಿಗೂ ಹೊರದೇಶಗಳಿಗೂ ಹೋಗುತ್ತವೆ. ಈ ಬೊಂಬೆಗೆ ಹೆಸರಿದೆ, ಕಾನೂನಿನ ರಕ್ಷಣೆ ಇದೆ, ತರಬೇತಿ ಕೇಂದ್ರವಿದೆ, ಬರೆದಿಟ್ಟ ಚರಿತ್ರೆಯೂ ಇದೆ.

ಇನ್ನೊಂದು ಬೊಂಬೆ ಮನೆಯೊಳಗೆ ಹುಟ್ಟುತ್ತದೆ. ಕೊಕ್ಕೆಯಿರುವ ಒಂದು ಕ್ರೋಷಾ ಕಡ್ಡಿ, ಒಂದು ಉಂಡೆ ಉಲ್ಲನ್, ಒಳಗೆ ತುಂಬಲು ಒಂದಿಷ್ಟು ಹತ್ತಿ ಇದ್ದರೆ ಅಂಗೈಯಗಲದ ಮೊಲವೋ ಕರಡಿಯೋ ಸಿದ್ಧ. ಇದನ್ನು ಹೆಣೆಯುವವರು ಹೆಚ್ಚಾಗಿ ಹೆಂಗಸರು. ಹೆಣೆಯುವ ಹೊತ್ತು ಮನೆಗೆಲಸ ಮುಗಿದ ಮೇಲಿನದು. ಎರಡೂ ಕೈಕೆಲಸವೇ, ಎರಡೂ ಮಕ್ಕಳಿಗಾಗಿಯೇ. ಹಾಗಿದ್ದೂ ಒಂದಕ್ಕೆ ದಾಖಲೆ ದೊರೆತು ಇನ್ನೊಂದಕ್ಕೆ ದೊರೆಯದೆ ಹೋದದ್ದು ಏಕೆ? ಎರಡರ ಚರಿತ್ರೆಯನ್ನು ಅಕ್ಕಪಕ್ಕ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಕಸುಬು ಉಳಿಯುವುದು ಅದರ ಹಳಮೆಯಿಂದಲ್ಲ, ಅದನ್ನು ಕಸುಬೆಂದು ಒಪ್ಪಿಕೊಂಡು ಬೆನ್ನಿಗೆ ನಿಂತ ಸಂಸ್ಥೆಗಳಿಂದ ಎಂಬುದು ನನ್ನ ವಾದ.

ಕಡೆದ ಬೊಂಬೆಯ ದಾರಿ

ಚನ್ನಪಟ್ಟಣ ಮೊದಲಿನಿಂದಲೂ ಕುಶಲಕರ್ಮಿಗಳ ಊರು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವುದನ್ನೂ ಬಿಳಿ ಸಕ್ಕರೆ ತಯಾರಿಕೆಯನ್ನೂ ಗುರುತಿಸಿದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಊರಿನ ಅರಗಿನ ಸಾಮಾನು ಹೆಸರು ಪಡೆದಿತ್ತು. ಈ ಕಲೆಗೆ ಟಿಪ್ಪು ಆಶ್ರಯ ಕೊಟ್ಟ, ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಸ್ಥಳೀಯರಿಗೆ ಕಲಿಸಿದ ಎಂಬುದು ಕಸುಬುದಾರರ ಮನೆಗಳಲ್ಲಿ ನಡೆದುಬಂದ ಮಾತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಜಪಾನಿನ ಬೊಂಬೆ ತಯಾರಿಕೆಯ ವಿಧಾನಗಳನ್ನು ಇಲ್ಲಿಗೆ ತಂದರು ಎಂಬುದೂ ಅದೇ ಪರಂಪರೆಯ ಮಾತು; ಚನ್ನಪಟ್ಟಣದ ಬೊಂಬೆಯ ಪಿತಾಮಹ ಎಂದು ಅವರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಜಪಾನಿನ ಈಶಾನ್ಯ ಭಾಗದಲ್ಲಿ ತಿರುಗಣೆಯ ಮೇಲೆ ಮರವನ್ನು ಕಡೆದು ಮಾಡುವ ಕೊಕೆಶಿ ಬೊಂಬೆಗಳನ್ನು ನೋಡಿದವರಿಗೆ ಈ ನಂಟು ಅಚ್ಚರಿಯಾಗದು. ಅಲ್ಲಿಯೂ ಮೈ ದುಂಡು, ಅಲ್ಲಿಯೂ ಮರ ತಿರುಗುತ್ತಿರುವಾಗಲೇ ಬಣ್ಣದ ಪಟ್ಟೆ.

ಕೆಲಸದ ಕ್ರಮ ಸರಳ, ಕೈಹದ ಕಠಿಣ. ಮುಖ್ಯ ಸಾಮಗ್ರಿ ಆಲೆ ಮರ. ಹಾಲೆ ಎಂದೂ ಕರೆಯುತ್ತಾರೆ. ದಂತದ ಬಣ್ಣದ, ಹಗುರಾದ, ನುಣುಪು ಎಳೆಯ ಈ ಮರವನ್ನು ಕೊಯ್ದು ತಿಂಗಳುಗಟ್ಟಲೆ ಒಣಗಿಸಿ, ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ಕಡೆಯುತ್ತಾರೆ. ಬಳಿಕ ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಯಲ್ಲಿ ಕೇದಗೆ ಎಲೆಯಿಂದ ಉಜ್ಜಿದಾಗ ಹೊಳಪು ಏಳುತ್ತದೆ.

ಈ ಕಸುಬು ಇಲ್ಲಿಯವರೆಗೆ ಬಂದುದರಲ್ಲಿ ಸಂಸ್ಥೆಗಳ ಪಾಲು ದೊಡ್ಡದು. ಮೈಸೂರು ಸಂಸ್ಥಾನದ ಕಾಲದ ಕೈಗಾರಿಕಾ ತರಬೇತಿ, ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳು, ನೆದರ್ಲೆಂಡ್ಸ್ ನೆರವಿನ ವಿಶ್ವ ಯೋಜನೆಯಲ್ಲಿ ಬಂದ ಕಲಾನಗರದ ಮನೆಗಳು ಮತ್ತು ಕಾರ್ಯಾಗಾರಗಳು ಒಂದರ ಮೇಲೊಂದು ಆಸರೆಯಾದವು. ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆ ಪೇಟೆಯನ್ನು ತುಂಬಿದ ವರ್ಷಗಳಲ್ಲಿ ಅನೇಕ ಲೇತುಗಳು ನಿಂತವು. ಆಗಲೇ ಕೆಲವು ಸ್ವಯಂಸೇವಾ ಸಂಸ್ಥೆಗಳು ಮತ್ತು ವಿನ್ಯಾಸಕಾರರು ಅರಿಶಿನ, ನೀಲಿಯಂಥ ಸಸ್ಯಜನ್ಯ ಬಣ್ಣಗಳನ್ನೂ ಹೊಸ ಮಾದರಿಗಳನ್ನೂ ತಂದರು. ಹೆಂಗಸರೂ ಲೇತಿನ ಮುಂದೆ ಕುಳಿತರು. 2005–06ರಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. 2020ರ ಫೆಬ್ರುವರಿಯಲ್ಲಿ ಆಮದು ಆಟಿಕೆಗಳ ಮೇಲಿನ ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಭೌಗೋಳಿಕ ಸೂಚಿಯ ಸಾಮಾನಿಗೂ ವಿನಾಯಿತಿ ದೊರೆಯಿತು. ಸರ್ಕಾರದ ಪಟ್ಟಿಯಲ್ಲಿ ಹೆಸರಿದ್ದುದರ ಬೆಲೆ ಆಗ ತಿಳಿಯಿತು.

ಹೆಣೆದ ಬೊಂಬೆಯ ದಾರಿ

ಕ್ರೋಷಾದ ವಯಸ್ಸು ನಾವು ಊಹಿಸುವುದಕ್ಕಿಂತ ಚಿಕ್ಕದು. ಅರಬ್ ನಾಡು, ದಕ್ಷಿಣ ಅಮೆರಿಕ, ಚೀನಾಗಳಲ್ಲಿ ಇದರ ಮೂಲ ಹುಡುಕುವ ವಾದಗಳನ್ನೆಲ್ಲ ಪರಿಶೀಲಿಸಿದ ಡೆನ್ಮಾರ್ಕಿನ ಸಂಶೋಧಕಿ ಲಿಸ್ ಪಲುಡಾನ್, 1800ಕ್ಕೂ ಹಿಂದೆ ಯುರೋಪಿನಲ್ಲಿ ಕ್ರೋಷಾ ಇತ್ತೆನ್ನಲು ಗಟ್ಟಿ ಪುರಾವೆ ಇಲ್ಲವೆಂದು ತೋರಿಸಿದರು. ಅಚ್ಚಾದ ಮೊದಲ ಮಾದರಿಗಳು 1820ರ ದಶಕದ ಡಚ್ ಪತ್ರಿಕೆಯವು. 1840ರ ದಶಕದಲ್ಲಿ ಲಂಡನ್ನಿನಲ್ಲಿ ರಿಯೆಗೊ ದ ಲಾ ಬ್ರಾಂಶಾರ್ದಿಯೇರ್ ಪ್ರಕಟಿಸಿದ ಮಾದರಿ ಪುಸ್ತಕಗಳು ಇದನ್ನು ಮನೆಮನೆಗೆ ಮುಟ್ಟಿಸಿದವು. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಿದ್ದಾಗ ಕಾನ್ವೆಂಟುಗಳಲ್ಲಿ ಕಲಿತ ಕ್ರೋಷಾ ಲೇಸು ಸಾವಿರಾರು ಕುಟುಂಬಗಳ ಅನ್ನವಾಯಿತು.

ಇದಕ್ಕೂ ಹಿಂದಿನ ಒಂದು ಎಳೆ ನಮ್ಮ ದೇಶದ್ದು. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಮೊನೆಯ ಆರಿಯಿಂದ ಸರಪಳಿ ಹೊಲಿಗೆ ಹಾಕುವ ವಿದ್ಯೆ ಗುಜರಾತಿನ ಮೋಚಿಗಳಲ್ಲಿ ಬಹುಕಾಲದಿಂದ ಇತ್ತು. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಇದೇ ಬಗೆಯ ಕಸೂತಿ ಬಳಕೆಗೆ ಬಂತು. 1770ರಲ್ಲಿ ಪ್ರಕಟವಾದ ಸಾಂತ್ ಒಬಾನನ ಕಸೂತಿ ಗ್ರಂಥದಲ್ಲಿ ಅದರ ಚಿತ್ರಗಳಿವೆ. ಬಟ್ಟೆಯ ಆಸರೆಯನ್ನೇ ಬಿಟ್ಟು ಬರಿಯ ದಾರದಲ್ಲಿ ಸರಪಳಿ ಹೆಣೆಯತೊಡಗಿದಾಗ ಕ್ರೋಷಾ ಹುಟ್ಟಿತೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಅದು ನಿಜವಾದರೆ, ಇಂದು ನಮ್ಮ ಊರುಗಳ ಹೊಲಿಗೆ ಅಂಗಡಿಗಳಲ್ಲಿ ಮದುವೆಯ ರವಿಕೆಗೆ ಆರಿ ಕೆಲಸ ಮಾಡುವ ಹೆಣ್ಣುಮಗಳೂ ಕ್ರೋಷಾ ಹೆಣೆಯುವವಳೂ ಒಂದೇ ಉಪಕರಣದ ವಾರಸುದಾರರು.

ಕನ್ನಡ ನಾಡಿಗೆ ಕ್ರೋಷಾ ಬಂದದ್ದು ಮಿಷನರಿ ಶಾಲೆಗಳ ಹಾಗೂ ಹೆಣ್ಣುಮಕ್ಕಳ ಹೊಲಿಗೆ ಪಾಠಗಳ ಮೂಲಕ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅಂಥ ಮಿಷನ್ ಶಾಲೆಗಳಲ್ಲಿ ಸೂಜಿ ಕೆಲಸ ಹೆಣ್ಣುಮಕ್ಕಳ ಕಲಿಕೆಯ ಭಾಗವಾಗಿತ್ತು. ಕ್ರಮೇಣ ಕ್ರೋಷಾ ಇಲ್ಲಿಯ ಮನೆಯ ಅಲಂಕಾರಕ್ಕೆ ಒಗ್ಗಿತು. ಬಾಗಿಲ ತೋರಣ, ಮೇಜಿನ ಹಾಸು, ರೇಡಿಯೊ ಮತ್ತು ಟಿವಿಯ ಹೊದಿಕೆ, ಕೂಸಿನ ಕುಲಾವಿ ಇವೆಲ್ಲ ಆ ಕಡ್ಡಿಯಿಂದ ಬಂದವು.

ಮೆತ್ತನೆಯ ಪ್ರಾಣಿಬೊಂಬೆಯ ಚರಿತ್ರೆ ಬೇರೆಯೇ. ಜರ್ಮನಿಯ ಗೀಂಗನ್ ಊರಿನ ಮಾರ್ಗರೆಟೆ ಸ್ಟೈಫ್ ಬಾಲ್ಯದಲ್ಲಿ ಪೋಲಿಯೊದಿಂದ ನಡೆಯಲಾರದೆ ಗಾಲಿಕುರ್ಚಿಯಲ್ಲಿ ಬೆಳೆದ ಹೊಲಿಗೆಗಾರ್ತಿ. 1880ರಲ್ಲಿ ಆಕೆ ಸೂಜಿ ಚುಚ್ಚಿಡಲೆಂದು ಉಣ್ಣೆ ಬಟ್ಟೆಯಲ್ಲಿ ಹೊಲಿದ ಪುಟ್ಟ ಆನೆಯನ್ನು ಮಕ್ಕಳು ಆಟಿಕೆಯಾಗಿ ಎತ್ತಿಕೊಂಡರು. ಒಬ್ಬ ಹೆಣ್ಣುಮಗಳ ಕೈಕೆಲಸದಿಂದ ಕಾರ್ಖಾನೆ ಬೆಳೆಯಿತು. 1902ರ ನಂತರ ಅಲ್ಲಿಂದ ಟೆಡ್ಡಿ ಕರಡಿಗಳು ಜಗತ್ತಿಗೆ ಹೋದವು. ಕ್ರೋಷಾದಲ್ಲಿ ಪುಟ್ಟ ಪ್ರಾಣಿಗಳನ್ನು ಹೆಣೆಯುವ ಕ್ರಮ ತನ್ನದೇ ಶೈಲಿಯಾಗಿ ಬೆಳೆದದ್ದು ಜಪಾನಿನಲ್ಲಿ. ದೊಡ್ಡ ತಲೆ, ಚಿಕ್ಕ ಮೈ, ಚುಕ್ಕಿಯಂಥ ಕಣ್ಣಿನ ಈ ಅಮಿಗುರುಮಿ 2000ದ ನಂತರ ಅಂತರಜಾಲದ ಮೂಲಕ ಎಲ್ಲೆಡೆ ಹರಡಿತು. ಹೀಗೆ ಜಪಾನಿನ ಬೊಂಬೆಯ ವಿದ್ಯೆ ನಮ್ಮ ಸೀಮೆಗೆ ಎರಡು ಸಲ ಬಂದಂತಾಯಿತು: ಮೊದಲು ಮರದಲ್ಲಿ ಕಾರ್ಯಾಗಾರಕ್ಕೆ, ಶತಮಾನ ಕಳೆದು ನೂಲಿನಲ್ಲಿ ಮೊಬೈಲ್ ಪರದೆಗೆ.

ದುಂಡಿನ ಲೆಕ್ಕ

ಎರಡೂ ಕಸುಬುಗಳ ಆಕಾರ ಹುಟ್ಟುವುದು ತಿರುಗುವುದರಿಂದ. ಲೇತಿನಲ್ಲಿ ಮರ ತಿರುಗುತ್ತದೆ, ಉಳಿ ಬೇಡದ್ದನ್ನು ಕಳೆಯುತ್ತದೆ. ಕ್ರೋಷಾದಲ್ಲಿ ಕೈ ಸುತ್ತು ಬರುತ್ತದೆ, ಕಡ್ಡಿ ಇಲ್ಲದ್ದನ್ನು ಕೂಡುತ್ತದೆ. ಹೆಣಿಗೆ ಸಾಮಾನ್ಯವಾಗಿ ಒಂದು ಕುಣಿಕೆಯಲ್ಲಿ 6 ಹೊಲಿಗೆಗಳಿಂದ ಆರಂಭ. ಎರಡನೆಯ ಸುತ್ತಿಗೆ 12, ಮೂರನೆಯದಕ್ಕೆ 18, ಮುಂದಕ್ಕೆ 24. ಪ್ರತಿ ಸುತ್ತಿಗೂ ಆರಾರು ಏರಿಸುವುದಕ್ಕೆ ಕಾರಣ ರೇಖಾಗಣಿತದಲ್ಲಿದೆ. ವೃತ್ತದ ತ್ರಿಜ್ಯ ಒಂದು ಅಳತೆ ಬೆಳೆದರೆ ಪರಿಧಿ ಸುಮಾರು 6.28 ಅಳತೆ ಬೆಳೆಯುತ್ತದೆ. ಇಲ್ಲಿ ಬಳಸುವ ಗಿಡ್ಡ ಹೊಲಿಗೆಯ ಅಗಲವೂ ಎತ್ತರವೂ ಹೆಚ್ಚುಕಡಿಮೆ ಸಮ; ಆದ್ದರಿಂದ ಸುತ್ತಿಗೆ ಆರು ಹೊಲಿಗೆ ಏರಿಸಿದರೆ ಹೆಣಿಗೆ ಚಪ್ಪಟೆಯಾಗಿ ಉಳಿಯುತ್ತದೆ. ಏರಿಕೆ ನಿಲ್ಲಿಸಿದರೆ ಚಪ್ಪಟೆ ಬಿಲ್ಲೆ ಬಟ್ಟಲಾಗುತ್ತದೆ, ಇಳಿಸಿದರೆ ಚೆಂಡಾಗಿ ಮುಚ್ಚಿಕೊಳ್ಳುತ್ತದೆ. ಏರಿಕೆ ಮಿತಿಮೀರಿದರೆ ಅಂಚು ನೆರಿಗೆಗಟ್ಟುತ್ತದೆ. ಈ ಗುಣವನ್ನೇ ಬಳಸಿ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಯೂಕ್ಲಿಡನ ನಿಯಮಕ್ಕೆ ಒಗ್ಗದ ಜ್ಯಾಮಿತಿಯೊಂದನ್ನು ವಿದ್ಯಾರ್ಥಿಗಳು ಮುಟ್ಟಿ ತಿಳಿಯಲೆಂದು ಕ್ರೋಷಾ ಮಾದರಿಗಳನ್ನು ಹೆಣೆದರು.

ಮರದ ಆನೆಯ ತಲೆ, ಮೈ, ಕಾಲುಗಳನ್ನು ಬೇರೆ ಬೇರೆ ಕಡೆದು ಜೋಡಿಸುತ್ತಾರೆ. ನೂಲಿನ ಆನೆಯ ಅಂಗಗಳನ್ನು ಬೇರೆ ಬೇರೆ ಹೆಣೆದು ಹೊಲಿಯುತ್ತಾರೆ. ಎರಡಕ್ಕೂ ಮಗುವಿನ ಬಾಯಿಯೇ ಪರೀಕ್ಷೆ. ಮರದ ಬೊಂಬೆಯಲ್ಲಿ ಸೀಸವಿಲ್ಲದ ಬಣ್ಣ ಮುಖ್ಯ. ಹೆಣೆದ ಬೊಂಬೆಯಲ್ಲಿ ಹತ್ತಿ ಹೊರಬಾರದಂಥ ಬಿಗಿ ಹೆಣಿಗೆ ಮುಖ್ಯ. ಅದಕ್ಕೆಂದೇ ನೂಲಿನ ದಪ್ಪಕ್ಕೆ ತಕ್ಕುದಕ್ಕಿಂತ ಸಣ್ಣ ಕಡ್ಡಿ ಬಳಸುತ್ತಾರೆ. ಎಳೆಯ ಮಕ್ಕಳ ಬೊಂಬೆಗೆ ಮಣಿಯ ಕಣ್ಣು ಸಲ್ಲದು, ಅದು ಕಿತ್ತು ಗಂಟಲಿಗೆ ಸಿಕ್ಕೀತು. ದಾರದಿಂದಲೇ ಕಣ್ಣು ಹೊಲಿಯಬೇಕು. ಲೆಕ್ಕ, ಅಳತೆ, ಸಾಮಗ್ರಿಯ ತಿಳಿವು, ಎಚ್ಚರ ಇವೆಲ್ಲ ಕಸುಬಿನ ಲಕ್ಷಣಗಳು. ಹೆಣಿಗೆಯನ್ನು ಹವ್ಯಾಸವೆಂದು ಬದಿಗಿಡಲು ತಂತ್ರದ ದೃಷ್ಟಿಯಿಂದ ಯಾವ ಆಧಾರವೂ ಇಲ್ಲ.

ಲೆಕ್ಕಕ್ಕೆ ಬಾರದ ಕೆಲಸ

ಹೆಣಿಗೆಯನ್ನು ಬದಿಗಿಟ್ಟದ್ದು ನಮ್ಮ ಎಣಿಕೆಯ ಕ್ರಮ. ಜನಗಣತಿ ಮನೆಗೆಲಸವನ್ನೇ ಮುಖ್ಯವಾಗಿ ಮಾಡುವ ಹೆಂಗಸನ್ನು ದುಡಿಯದವರ ಸಾಲಿಗೆ ಸೇರಿಸುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ 93 ಎಂಬ ಸಂಕೇತವಿದೆ: ಮನೆಗೆಲಸದ ಜೊತೆಗೆ ಮನೆಬಳಕೆಗಾಗಿ ಹೊಲಿಗೆ, ನೇಯ್ಗೆ ಮುಂತಾದವನ್ನು ಮಾಡುವವರು ಆ ಸಂಕೇತದಡಿ ಬರುತ್ತಾರೆ, ಆದರೆ ಶ್ರಮಶಕ್ತಿಯ ಹೊರಗೇ ಉಳಿಯುತ್ತಾರೆ.

ನೆರೆಯ ಆಂಧ್ರದ ನರಸಾಪುರದಲ್ಲಿ ಇದರ ಪರಿಣಾಮ ಕಣ್ಣಿಗೆ ಕಟ್ಟುವಂತಿದೆ. ಮಿಷನರಿಗಳು ಕಲಿಸಿದ ಕ್ರೋಷಾ ಲೇಸು ಅಲ್ಲಿ ರಫ್ತು ಉದ್ಯಮವಾಯಿತು. 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್, ದಿನವಿಡೀ ಹೆಣೆಯುವ ಹೆಂಗಸರನ್ನು ಬಿಡುವಿನಲ್ಲಿ ಕೈಯಾಡಿಸುವ ಗೃಹಿಣಿಯರೆಂದು ಕರೆದೇ ಅವರ ಕೂಲಿಯನ್ನು ತಳಮಟ್ಟದಲ್ಲಿ ಇಡಲಾಗಿತ್ತು, ಲಾಭ ವ್ಯಾಪಾರಿಗಳ ಪಾಲಾಗುತ್ತಿತ್ತು ಎಂದು ತೋರಿಸಿದರು. ಕೆಲಸ ಜಗತ್ತಿನ ಮಾರುಕಟ್ಟೆಯದು, ಲೆಕ್ಕ ಮಾತ್ರ ಅಡುಗೆಮನೆಯದು. ಹೆಣೆದ ಬೊಂಬೆ ಇಂದು ಮೊಬೈಲ್ ಮೂಲಕ ಮಾರಾಟವಾಗತೊಡಗಿರುವಾಗ ಅದೇ ಅನ್ಯಾಯ ಮರುಕಳಿಸುವ ಸಾಧ್ಯತೆ ಇದೆ. ದಿನಗಟ್ಟಲೆ ಹೆಣೆದ ಬೊಂಬೆಯ ಬೆಲೆಯನ್ನು ಯಂತ್ರ ಹೊಲಿದ ಬೊಂಬೆಯ ಬೆಲೆಯ ಪಕ್ಕದಲ್ಲಿಟ್ಟು ಕೇಳುವವರೇ ಹೆಚ್ಚು.

ಉಪಸಂಹಾರ

ಚನ್ನಪಟ್ಟಣದ ಮರದ ಬೊಂಬೆ ಕಲಿಸುವ ಪಾಠ ಸ್ಪಷ್ಟ. ಪ್ಲಾಸ್ಟಿಕ್ಕಿನ ಹೊಡೆತದಲ್ಲಿ ಅದನ್ನು ಕಾಪಾಡಿದ್ದು ತರಬೇತಿ, ಮಾರಾಟದ ಮಳಿಗೆ, ಹೆಸರಿನ ಹಕ್ಕು ಮತ್ತು ಐಎಸ್‌ಐ ಗುರುತಿನಿಂದ ವಿನಾಯಿತಿ. ಹೆಣೆದ ಬೊಂಬೆಗೂ ಇವೇ ನಾಲ್ಕು ಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. 2000–01ರಿಂದ ರಾಜ್ಯದಲ್ಲಿ ಹಬ್ಬಿರುವ ಸ್ತ್ರೀಶಕ್ತಿ ಸಂಘಗಳು ಹೊಂಗನೂರಿನಂಥ ಊರುಗಳ ಹೆಣಿಗೆಗಾರ್ತಿಯರಿಗೆ ಕುಶಲಕರ್ಮಿಗಳ ಗುರುತಿನ ಚೀಟಿ ಕೊಡಿಸಬಹುದು. ಬೊಂಬೆ ಕಡೆಯುವ ಕೇಂದ್ರಗಳು ಮರದ ಗಿಲಕಿಗೆ ನೂಲಿನ ಮೊಲವನ್ನು ಸೇರಿಸಿ ಎರಡೂ ಕೈಗಳಿಗೆ ಕೆಲಸ ಕೊಡಬಹುದು. ಸಂಶೋಧಕರು ಹಳೆಯ ಪೆಟ್ಟಿಗೆಗಳಲ್ಲಿರುವ ಹೆಣಿಗೆಯ ಮಾದರಿಗಳನ್ನು, ಅವನ್ನು ಹೆಣೆದವರ ಹೆಸರು ಮತ್ತು ಕಾಲದೊಡನೆ, ಈಗಲೇ ಬರೆದಿಡಬೇಕು. ಮನೆಯಲ್ಲಿ ಹೆಣೆಯುವ ಕೈಯೂ ಕಸುಬುದಾರನ ಕೈಯೇ. ಅದಕ್ಕೆ ಕೂಲಿಯೂ ಸಲ್ಲಬೇಕು, ಚರಿತ್ರೆಯಲ್ಲಿ ಜಾಗವೂ ಸಲ್ಲಬೇಕು.