ಸ್ವಾಯತ್ತ ಸಭೆಗಳೂ ಸಲಿಂಗಾನುರಾಗಿಗಳ ಅಂಗೀಕಾರವೂ

ಕ್ರೈಸ್ತ ಸಭೆಗಳು ಸಲಿಂಗಾನುರಾಗಿಗಳನ್ನು ಒಳಗೊಂಡ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಹಾನಗರಗಳಿಂದಲೇ ಆರಂಭಿಸುತ್ತಾರೆ. ಉದಾರಭಾವನೆ ನಗರದಲ್ಲಿ ಹುಟ್ಟಿ ಸಣ್ಣ ಊರುಗಳಿಗೆ ನಿಧಾನವಾಗಿ ಹರಿದುಬರುತ್ತದೆ ಎಂಬುದು ಅವರ ಗ್ರಹಿಕೆ. ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಪರಂಪರೆಯ ಮಟ್ಟಿಗಾದರೂ ಇದು ಪೂರ್ತಿ ಸರಿಯಲ್ಲ. ಅಲ್ಲಿನ ಕಾಂಗ್ರಿಗೇಷನಲ್ ಸಭೆಗಳು ಈ ವಿಷಯದಲ್ಲಿ ಇಟ್ಟ ಹೆಜ್ಜೆಗೆ, ನಗರದ ಅನುಕರಣೆಗಿಂತ, ಅವುಗಳ ಕೈಯಲ್ಲೇ ಇದ್ದ ಒಂದು ಹಳೆಯ ಹಕ್ಕು ಹೆಚ್ಚಿನ ಕಾರಣವೆಂದು ತೋರುತ್ತದೆ.

ಆ ಹಕ್ಕು ಹದಿನೇಳನೆಯ ಶತಮಾನದ್ದು. 1648ರಲ್ಲಿ ಮ್ಯಾಸಚೂಸೆಟ್ಸಿನ ಪ್ಯೂರಿಟನ್ ಧರ್ಮಗುರುಗಳು ರೂಪಿಸಿದ ಕೇಂಬ್ರಿಜ್ ನಿಬಂಧನೆಯ ಪ್ರಕಾರ ಪ್ರತಿಯೊಂದು ಊರಿನ ಸಭೆಗೂ ತನ್ನನ್ನು ತಾನೇ ಆಳಿಕೊಳ್ಳುವ ಅಧಿಕಾರವುಂಟು. ಅದರ ಮೇಲೆ ಬಿಷಪ್ಪನಿಲ್ಲ. ಸಭಾಪಾಲಕನನ್ನು ಆರಿಸುವುದು, ಸದಸ್ಯರನ್ನು ಸೇರಿಸಿಕೊಳ್ಳುವುದು, ಬಹಿಷ್ಕರಿಸುವುದು ಎಲ್ಲವೂ ಸಭೆಗೇ ಸೇರಿದ್ದು. ಈ ಏರ್ಪಾಡಿನ ಹಿಂದಿದ್ದುದು ಔದಾರ್ಯವಲ್ಲ, ಅನರ್ಹರನ್ನು ದೂರವಿಡುವ ಕಟ್ಟುನಿಟ್ಟು. ಅದೇ ವಸಾಹತಿನ 1641ರ ಕಾನೂನು ಪುರುಷರ ಸಲಿಂಗ ಸಂಬಂಧಕ್ಕೆ ಮರಣದಂಡನೆಯನ್ನೇ ವಿಧಿಸಿತ್ತು. ಬಾಗಿಲು ಮುಚ್ಚುವುದಕ್ಕೆಂದು ಮಾಡಿದ ಅಗುಳಿಯೇ ಮುಂದೆ ಬಾಗಿಲು ತೆರೆಯುವುದಕ್ಕೂ ಒದಗಿತು.

ಅದು ಒದಗಿದ ನಿದರ್ಶನಗಳು ನಮ್ಮ ವಿಷಯಕ್ಕಿಂತ ಬಹಳ ಹಿಂದಿನವು. ಆಫ್ರಿಕನ್ ಮೂಲದ ತಂದೆಗೆ ಹುಟ್ಟಿದ ಲೆಮ್ಯುಯಲ್ ಹೇನ್ಸ್ 1785ರಲ್ಲಿ ದೀಕ್ಷೆ ಪಡೆದು, 1788ರಿಂದ ವರ್ಮಾಂಟಿನ ರಟ್ಲಂಡಿನಲ್ಲಿ ಬಿಳಿಯರ ಸಭೆಯೊಂದಕ್ಕೆ ಮೂವತ್ತು ವರ್ಷಗಳ ಕಾಲ ಸಭಾಪಾಲಕರಾಗಿದ್ದರು. 1853ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸೌತ್ ಬಟ್ಲರ್ ಎಂಬ ಪುಟ್ಟ ಊರಿನ ಸಭೆ ಆಂಟೊನೆಟ್ ಬ್ರೌನ್ ಎಂಬ ಸ್ತ್ರೀಗೆ ದೀಕ್ಷೆ ಕೊಡಿಸಿತು. ಇವನ್ನು ಅತಿಯಾಗಿ ಕೊಂಡಾಡಬೇಕಾಗಿಲ್ಲ. ಹೇನ್ಸರನ್ನು 1818ರಲ್ಲಿ ಸಭೆಯೇ ಬಿಡುಗಡೆ ಮಾಡಿತು, ಬ್ರೌನ್ ಒಂದು ವರ್ಷದೊಳಗೆ ಹುದ್ದೆಯನ್ನು ತ್ಯಜಿಸಿದರು. ಆದರೆ ಮೇಲಿನವರ ಅಪ್ಪಣೆಗೆ ಕಾಯದೆ ಒಂದು ಊರು ಮುಂದುವರಿಯಬಲ್ಲುದೆಂಬುದು ಅಲ್ಲಿ ಸಿದ್ಧವಾಯಿತು.

1957ರಲ್ಲಿ ಈ ಪರಂಪರೆಯ ಬಹುಪಾಲು ಸಭೆಗಳು ಮತ್ತೊಂದು ಪಂಗಡದೊಡನೆ ಕೂಡಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಸಂಸ್ಥೆಯಾದವು. ಸಭೆಗಳ ಸ್ವಾಯತ್ತತೆ ಹಾಗೆಯೇ ಉಳಿಯಿತು. 1972ರ ಜೂನ್ 25ರಂದು ಕ್ಯಾಲಿಫೋರ್ನಿಯದ ಸಾನ್ ಕಾರ್ಲೋಸ್ ಎಂಬ, ಮೂವತ್ತು ಸಾವಿರಕ್ಕೂ ಕಡಮೆ ಜನಸಂಖ್ಯೆಯ ಊರಿನಲ್ಲಿ ವಿಲಿಯಂ ಜಾನ್ಸನ್ ಎಂಬವರಿಗೆ ದೀಕ್ಷೆಯಾಯಿತು. ತಾವು ಸಲಿಂಗಾನುರಾಗಿಯೆಂದು ಅವರು ಮೊದಲೇ ಬಹಿರಂಗವಾಗಿ ಹೇಳಿದ್ದರು. ಸ್ಥಳೀಯ ಸಭೆ ಅವರ ಪರವಾಗಿ ನಿಂತಿತು. ನೆರೆಯ ಸಭೆಗಳ ಪ್ರತಿನಿಧಿಗಳು ಪರೀಕ್ಷಿಸಿ ಬಹುಮತದಿಂದ ಒಪ್ಪಿದರು. ಆದರೂ ಅವರನ್ನು ತನ್ನ ಸಭಾಪಾಲಕರಾಗಿ ಕರೆದುಕೊಳ್ಳುವ ಸಭೆ ಮುಂದೆ ದೊರೆಯಲಿಲ್ಲ. ದೀಕ್ಷೆ ಕೊಡುವ ಧೈರ್ಯವೇ ಬೇರೆ, ಪ್ರತಿ ಭಾನುವಾರ ಎದುರಿಗೆ ಕುಳಿತುಕೊಳ್ಳುವ ಧೈರ್ಯವೇ ಬೇರೆ.

1985ರಲ್ಲಿ ಅಯೋವ ಸಂಸ್ಥಾನದ ಏಮ್ಸಿನಲ್ಲಿ ನೆರೆದ ಮಹಾಸಿನಡ್ ತನ್ನ ಸಭೆಗಳಿಗೆ ಒಂದು ಕರೆ ಕೊಟ್ಟಿತು: ಪ್ರತಿಯೊಂದು ಸಭೆಯೂ ಈ ವಿಷಯವನ್ನು ಅಧ್ಯಯನ ಮಾಡಿ, ತಾನು ‘ಓಪನ್ ಅಂಡ್ ಅಫರ್ಮಿಂಗ್’, ಎಂದರೆ ಎಲ್ಲರಿಗೂ ತೆರೆದು ಎಲ್ಲರನ್ನೂ ಮನ್ನಿಸುವ ಸಭೆಯೆಂದು ಘೋಷಿಸಿಕೊಳ್ಳಲಿ ಎಂದು. ಸಿನಡ್ ಕೇಳಿಕೊಳ್ಳಬಹುದು, ಆಜ್ಞಾಪಿಸಲಾರದು. ಹೀಗಾಗಿ ನಿಜವಾದ ಇತಿಹಾಸ ನಡೆದುದು ಊರೂರಿನ ಸಭಾಂಗಣಗಳಲ್ಲಿ. ಒಂದು ಸಮಿತಿ ನೇಮಕವಾಗುವುದು. ಆದಿಕಾಂಡ, ಯಾಜಕಕಾಂಡ, ರೋಮಾಪುರದವರಿಗೆ ಬರೆದ ಪತ್ರ ಇವುಗಳ ವಾದಗ್ರಸ್ತ ವಾಕ್ಯಗಳನ್ನು ಕುಳಿತು ಓದುವುದು. ಕೊನೆಗೆ ಒಂದು ಪ್ರತಿಜ್ಞಾವಾಕ್ಯವನ್ನು ಬರೆದು ಮತಕ್ಕೆ ಹಾಕುವುದು. ಇದಕ್ಕೆ ಒಂದೆರಡು ವರ್ಷ ಹಿಡಿಯುವುದು ಅಪರೂಪವಲ್ಲ. ಅಲ್ಪ ಬಹುಮತದಿಂದ ಗೆದ್ದರೆ ಸಭೆಯೇ ಒಡೆದೀತೆಂಬ ಭಯದಿಂದ ಅನೇಕರು ಒಮ್ಮತಕ್ಕೆ ಸಮೀಪವಾಗುವವರೆಗೂ ಮತವನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ಇಲ್ಲಿ ಎದ್ದ ಪ್ರಬಲ ಆಕ್ಷೇಪ ಶಾಸ್ತ್ರದ್ದಲ್ಲವೆಂಬುದು ಗಮನಾರ್ಹ. ‘ನಾವು ಈಗಾಗಲೇ ಎಲ್ಲರನ್ನೂ ಸ್ವಾಗತಿಸುತ್ತೇವೆ, ಹೆಸರು ಹಿಡಿದು ಹೇಳುವುದೇಕೆ?’ ಎಂಬುದೇ ಆ ಆಕ್ಷೇಪ. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರ ಸಂಗತಿ ತಿಳಿದಿರುತ್ತದೆ. ವಾದ್ಯ ನುಡಿಸುವವನು ಯಾರೊಡನೆ ಬಾಳುತ್ತಾನೆಂದು ತಿಳಿದೂ ಯಾರೂ ಆಡದಿರುವುದು ಅಲ್ಲಿನ ಸೌಜನ್ಯ. ಆ ಸೌಜನ್ಯದ ಬೆಲೆಯನ್ನು ತೆರುವವನು ಮಾತ್ರ ಅವನೊಬ್ಬನೇ: ಸಂಗಾತಿ ಸತ್ತರೆ ಸಭೆಯಲ್ಲಿ ಅವನಿಗಾಗಿ ಪ್ರಾರ್ಥನೆ ಬೇಡಲು ಅವನಿಗೆ ಮಾತಿಲ್ಲ. ಬಾಗಿಲವರೆಗೆ ಬಂದು ಅನುಮಾನಿಸಿ ಹಿಂದಿರುಗುವ ಅಪರಿಚಿತನಿಗಂತೂ ಸಭೆಯ ಮನಸ್ಸು ತಿಳಿಯುವ ದಾರಿಯೇ ಇಲ್ಲ. ಲಿಖಿತ ವಾಕ್ಯದ ಪರವಾಗಿದ್ದವರ ವಾದ ಇದು. ನನಗೆ ಇದು ಆಕ್ಷೇಪಕ್ಕಿಂತ ಬಲವಾಗಿ ಕಾಣುತ್ತದೆ.

ವರ್ಮಾಂಟಿನಲ್ಲಿ ಈ ವಾದ ಸಭೆಯ ಹೊರಗೂ ಹಬ್ಬಿತು. ಅಲ್ಲಿನ ಶಾಸನಸಭೆ ಸಲಿಂಗ ದಂಪತಿಗಳಿಗೆ ವಿವಾಹಸಮಾನ ಹಕ್ಕುಗಳನ್ನೀಯುವ ಕಾನೂನನ್ನು 2000ದ ಏಪ್ರಿಲ್‌ನಲ್ಲಿ ಅಂಗೀಕರಿಸಿತು. ಅದಕ್ಕೆ ಮುನ್ನ ಮಾರ್ಚ್ ತಿಂಗಳಲ್ಲಿ ನೆರೆದ ಅನೇಕ ಊರುಗಳ ವಾರ್ಷಿಕ ಪೌರಸಭೆಗಳು ಅದಕ್ಕೆ ವಿರುದ್ಧವಾಗಿ ಮತ ನೀಡಿದ್ದವು. ಬಳಿಕ ‘ವರ್ಮಾಂಟನ್ನು ಮರಳಿ ಪಡೆಯಿರಿ’ ಎಂಬ ಫಲಕಗಳು ಕೊಟ್ಟಿಗೆಗಳ ಮೇಲೆಲ್ಲ ಎದ್ದವು. ಪೌರಸಭೆಯೂ ಕ್ರೈಸ್ತಸಭೆಯೂ ಹಿಂದೆ ಒಂದೇ ಕಟ್ಟಡದಲ್ಲಿ ಕೂಡುತ್ತಿದ್ದವು. ಅಂಥ ನಾಡಿನಲ್ಲಿ ಕೆಲವು ಸಭಾಪಾಲಕರು ಕಾನೂನಿನ ಪರವಾಗಿ ಬಹಿರಂಗವಾಗಿ ಮಾತನಾಡಿದರೆಂದರೆ, ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ ದಿನವೂ ಎದುರಾಗುವ ನೆರೆಯವರ ಎದುರಿಗೇ ಮಾತನಾಡಿದರೆಂದು ಅರ್ಥ.

ಮೇಲಧಿಕಾರವುಳ್ಳ ಸಂಸ್ಥೆಗಳಲ್ಲಿ ಇದು ಸಾಧ್ಯವಾಗಿರಲಿಲ್ಲ. ಯುನೈಟೆಡ್ ಮೆಥೊಡಿಸ್ಟ್ ಸಂಸ್ಥೆ 1972ರಲ್ಲಿ ಸಲಿಂಗಾಚರಣೆ ಕ್ರೈಸ್ತ ಬೋಧನೆಗೆ ಹೊಂದದೆಂದು ನಿರ್ಣಯಿಸಿತು. ಪೆನ್ಸಿಲ್ವೇನಿಯದ ಲೆಬನನ್ ಊರಿನ ಬಳಿಯ ಸಭಾಪಾಲಕ ಫ್ರಾಂಕ್ ಶೇಫರ್ ತಮ್ಮ ಮಗನ ಸಲಿಂಗ ವಿವಾಹವನ್ನು ನೆರವೇರಿಸಿದರೆಂಬ ಕಾರಣಕ್ಕೆ 2013ರಲ್ಲಿ ದೀಕ್ಷೆಯನ್ನೇ ಕಳೆದುಕೊಂಡು, ಮರುವರ್ಷ ಮೇಲ್ಮನವಿಯಿಂದ ಮರಳಿ ಪಡೆದರು. 1972ರ ವಾಕ್ಯ ತೆಗೆದುಹಾಕಲ್ಪಟ್ಟುದು 2024ರಲ್ಲಿ. ಪ್ರಾಸಂಗಿಕವಾಗಿ ಒಂದು ಮಾತು: 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲ್ಲಿಗೆ ದುಡಿದ ಜಾನ್ ಹ್ಯಾಂಡ್ಸರ ಲಂಡನ್ ಮಿಷನ್ ಬಹುಮಟ್ಟಿಗೆ ಇಂಗ್ಲೆಂಡಿನ ಕಾಂಗ್ರಿಗೇಷನಲ್ ಜನರ ಸಂಸ್ಥೆ. ಆ ಪರಂಪರೆ 1947ರಲ್ಲಿ ಬಿಷಪ್ಪರುಳ್ಳ ದಕ್ಷಿಣ ಇಂಡಿಯ ಸಭೆಯಲ್ಲಿ ವಿಲೀನವಾದುದರಿಂದ, ಒಂದೊಂದು ಊರು ತಾನಾಗಿ ತೀರ್ಮಾನಿಸುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ.

ಸ್ವಾಯತ್ತತೆ ಎರಡು ಕಡೆಗೂ ಹರಿತವಾದುದು. 2005ರಲ್ಲಿ ಅಟ್ಲಾಂಟದ ಮಹಾಸಿನಡ್ ಸಲಿಂಗ ವಿವಾಹವನ್ನು ಬೆಂಬಲಿಸಿದಾಗ, ಅದೇ ಹಕ್ಕನ್ನು ಚಲಾಯಿಸಿ ಅನೇಕ ಸಭೆಗಳು ಸಂಸ್ಥೆಯನ್ನು ಬಿಟ್ಟುಹೋದವು. ಪೋರ್ಟೊ ರಿಕೊ ದ್ವೀಪದ ಸಭೆಗಳ ಒಕ್ಕೂಟವೇ 2006ರಲ್ಲಿ ಬೇರ್ಪಟ್ಟಿತು. ಉಳಿದವುಗಳ ಸಂಖ್ಯೆ ಈಗ ಐದು ಸಾವಿರಕ್ಕೂ ಕಡಮೆ. ಅವುಗಳಲ್ಲಿ 1,500ಕ್ಕಿಂತ ಹೆಚ್ಚು ಸಭೆಗಳು ತಮ್ಮ ಪ್ರತಿಜ್ಞಾವಾಕ್ಯವನ್ನು ಬರೆದು ಒಪ್ಪಿಕೊಂಡಿವೆ. ಮಿಕ್ಕವುಗಳಲ್ಲಿ ಕೆಲವು ಇನ್ನೂ ಚರ್ಚಿಸುತ್ತಿವೆ, ಕೆಲವು ವಿಷಯವನ್ನು ಎತ್ತಿಯೇ ಇಲ್ಲ.