ಅಡಿಕೆಯ ಆಲ್ಕಲಾಯ್ಡ್‌ಗಳು

ಅಡಿಕೆಯಲ್ಲಿ ಸಹಜವಾಗಿರುವ, ಪಿರಿಡಿನ್ ಗುಂಪಿನ ಸಾರಜನಕಯುಕ್ತ ಸಂಯುಕ್ತಗಳು. ಅರೆಕೋಲಿನ್, ಅರೆಕೈಡಿನ್, ಗುವಾಕಿನ್, ಗುವಾಕೋಲಿನ್ ಮುಖ್ಯವಾದವು. ನಾಲ್ಕರಲ್ಲೂ ಐದು ಇಂಗಾಲ, ಒಂದು ಸಾರಜನಕ ಸೇರಿದ ಉಂಗುರವಿದೆ. ಇವುಗಳಲ್ಲಿ ಅರೆಕೋಲಿನ್ನದೇ ಪ್ರಾಬಲ್ಯ. ಎಣ್ಣೆಯಂಥ ಈ ದ್ರವದ ಅಣುಸೂತ್ರ C₈H₁₃NO₂. ಹೊಸಬರು ಅಡಿಕೆ ಅಗಿದಾಗ ಬೆವರಿ, ಬಾಯ್ತುಂಬ ಜೊಲ್ಲು ಸುರಿಸುವುದು, ಅಂದರೆ ‘ಸೊಕ್ಕುವುದು’, ಬಹುಮಟ್ಟಿಗೆ ಇದರ ಕೈವಾಡ.

ಅಡಿಕೆಯ ಜೊತೆ ಮೆಲ್ಲುವ ವೀಳ್ಯದೆಲೆಗೆ ಸವರುವ ಸುಣ್ಣ ಬರಿಯ ರುಚಿಗಲ್ಲ. ಅದರ ಕ್ಷಾರದಿಂದ ಅರೆಕೋಲಿನ್ನಿನ ಎಸ್ಟರ್ ಬಂಧ ಒಡೆದು ಅರೆಕೈಡಿನ್ ಆಗುತ್ತದೆ, ಗುವಾಕೋಲಿನ್ ಗುವಾಕಿನ್ ಆಗುತ್ತದೆ. ತಾಂಬೂಲ ಮೆಲ್ಲುವ ಬಾಯಿಯೇ ಪುಟ್ಟ ಪ್ರಯೋಗಶಾಲೆ. ಮಲೆನಾಡಿನಲ್ಲಿ ಹಸಿ ಅಡಿಕೆ ಸುಲಿದು ಬೇಯಿಸುವಾಗ ಅರೆಕೋಲಿನ್ನಿನ ಒಂದು ಪಾಲು ನೀರಿಗಿಳಿಯುತ್ತದೆ. ನಾಯಿಗಳ ಲಾಡಿಹುಳುವಿಗೆ ಅರೆಕೋಲಿನ್ ಲವಣ ಹಿಂದೆ ಔಷಧವಾಗಿತ್ತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ.